ಅಕ್ಕನ ತಂಡದಿಂದ ಹೊರಬಿದ್ದದ್ದು

ಅರವತ್ತು ದಾಟಿದ ನನ್ನನ್ನು ಮೊನ್ನೆ ಆಟದಿಂದ ಹೊರಗೆ ಹಾಕಿದರು. ಹಾಕಿದವಳು ನನ್ನ ಒಡಹುಟ್ಟಿದ ಅಕ್ಕ! ಜಗತ್ ಸರ್ಕಲ್ಲಿನ ಹೋಟೆಲಿನಲ್ಲಿ ಚುರುಮುರಿಯ ಸುಸಲಾ ತಿನ್ನುತ್ತ ಮೊಬೈಲು ತೆರೆದರೆ, 'ನಾಯಕಿ ನಿಮ್ಮನ್ನು ತಂಡದಿಂದ ತೆಗೆದಿದ್ದಾರೆ' ಎಂಬ ಸಾಲು. ಕಚ್ಚಿದ ಮಿರ್ಚಿ ಭಜಿ ಬಾಯಲ್ಲೇ ಉಳಿಯಿತು. ಕಣ್ಣಲ್ಲಿ ನೀರು ಬಂತು. ಎದುರು ಕೂತವರು ಅದು ಮಿರ್ಚಿಯ ಖಾರವೆಂದುಕೊಂಡು ನೀರಿನ ಲೋಟ ಸರಿಸಿದರು. ನಾನೂ ಹಾಗೇ ಇರಲಿ ಎಂದು ಕುಡಿದೆ.

ನಿಮಗೆ ಇದು ನಗೆಪಾಟಲಿನ ಸಂಗತಿ ಅನ್ನಿಸಬಹುದು. ಆಟವೆಂದರೆ ಮೊಬೈಲಿನೊಳಗಿನ ಒಂದು ಕೋಟೆ. ಬೇರೆ ಬೇರೆ ಊರಿನವರು ಕೂಡಿ ಅದನ್ನು ಕಾಯಬೇಕು, ಮಂದಿಯ ಕೋಟೆಗೆ ಲಗ್ಗೆ ಹಾಕಬೇಕು. ಅಕ್ಕ ಕಮಲಾಪುರದಲ್ಲಿ ಅಂಗನವಾಡಿ ನಡೆಸಿ ನಿವೃತ್ತಳಾದವಳು. ಮಕ್ಕಳನ್ನು ಸಾಲಾಗಿ ಕೂರಿಸಿ ಅಭ್ಯಾಸವಾದವಳಿಗೆ ಸೈನ್ಯ ಕೂರಿಸುವುದೇನು ಮಹಾ? ಊರಿನ ಹೆಸರುವಾಸಿ ಹಣ್ಣನ್ನೇ ನೆನೆದು 'ಕೆಂಪು ಬಾಳೆ' ಎಂಬ ತಂಡ ಕಟ್ಟಿದಳು. ಕಲಬುರಗಿಯ ನಾನು, ಶರಣಸಿರಸಗಿಯಲ್ಲಿ ಹೊಸ ಮನೆ ಕಟ್ಟಿಸಿಕೊಂಡ ನಮ್ಮ ತಮ್ಮ ಮಲ್ಲು, ಸ್ಟೇಶನ್ ಬಜಾರದಲ್ಲಿ ಬ್ಲೌಸು ಹೊಲಿಯುವ ಶಹನಾಜ್ ಬೇಗಂ, ಹೀಗೆ ಒಂದಷ್ಟು ಮಂದಿ ಅವಳ ದಂಡು.

ದಿನವೂ ಬರಬೇಕು ಎನ್ನುವುದು ಅವಳ ನಿಯಮ. ನನಗೆ ಮೊದಮೊದಲು ಭಾರಿ ಹುರುಪು. ಹಲ್ಲುಜ್ಜುವುದಕ್ಕೆ ಮೊದಲೇ ಲಗ್ಗೆ! ಆಮೇಲೆ ಆ ಹುರುಪು ಮುಚ್ಚಳ ತೆಗೆದಿಟ್ಟ ಸೋಡಾದಂತಾಯಿತು. ಆಟದವರೇನೋ ಬಿಡುವ ಪೈಕಿ ಅಲ್ಲ. ಇವತ್ತು ಬಂದರೆ ಬೆಳ್ಳಿಯ ಪೆಟ್ಟಿಗೆ, ನಾಳೆಯೂ ಬಂದರೆ ಬಂಗಾರದ ಪೆಟ್ಟಿಗೆ ಎಂದು ಆಸೆ ತೋರಿಸುತ್ತಾರೆ. ಪೆಟ್ಟಿಗೆಯೊಳಗೆ ಇರುವುದು ಇನ್ನೊಂದು ಪೆಟ್ಟಿಗೆಯ ಕೀಲಿಕೈ. ತಮಾಷೆಯೆಂದರೆ, ಬ್ಯಾಂಕಿನಲ್ಲಿದ್ದಾಗ ಹೊಸ ನೌಕರರಿಗೆ 'ಉತ್ಸಾಹ ಉಳಿಸಿಕೊಳ್ಳುವ ಬಗೆ' ಎಂದು ಭಾಷಣ ಬಿಗಿಯುತ್ತಿದ್ದವನು ನಾನೇ. ಕೇಳುವವರು ಆಕಳಿಸುತ್ತಿದ್ದುದು ಯಾಕೆಂದು ಈಗ ತಿಳಿಯಿತು. ಹಿಂದಿನ ಕಾಲದ ಪಗಡೆಯಲ್ಲಿ ರಾಜ್ಯ ಸೋತವರಿದ್ದಾರೆ, ಆದರೆ 'ನೀನು ಮನಸ್ಸಿಟ್ಟು ಆಡುತ್ತಿಲ್ಲ' ಎಂದು ಯಾರನ್ನೂ ಎಬ್ಬಿಸಿದ್ದು ಕೇಳಿಲ್ಲ. ನಾನು ಇಷ್ಟು ದಿನ ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವ ಹಾಗಿದ್ದೆ. ಈಗ ಆಟಕ್ಕೂ ಇಲ್ಲ.

ಮಲ್ಲುವಿಗೆ ಫೋನು ಮಾಡಿದೆ. ಅವನು ಬಿದ್ದು ಬಿದ್ದು ನಕ್ಕ. "ಅಣ್ಣಾ, ನನ್ನಂಗ ದಿನಾ ಆಡಿದ್ರ ಯಾರ ತೆಗೀತಾರ? ಒಂದ ದಿನಾನೂ ತಪ್ಪಿಸಿಲ್ಲ ನಾ. ಅಕ್ಕನ ಬಲಗೈ ಅದೀನಿ!" ಹೌದು, ತಂಡದಲ್ಲಿ ಅವನಷ್ಟು ಗಟ್ಟಿ ಆಟಗಾರ ಇನ್ನೊಬ್ಬನಿಲ್ಲ. ನನ್ನ ಗಾಯಕ್ಕೆ ಖಾರ ಸವರಿದಂತಾಯಿತು.

ಶಿಫಾರಸಿಗೆಂದು ಶಹನಾಜ್ ಬೇಗಂ ಅವರ ಅಂಗಡಿಗೆ ಹೋದೆ. ಅವರು ತಂಡದ ಉಪನಾಯಕಿ, ಅಕ್ಕನನ್ನು 'ಆಪಾ' ಎಂದೇ ಕರೆಯುವವರು. ಮಷಿನ್ನು ನಿಲ್ಲಿಸದೆಯೇ ಹೇಳಿದರು: "ನನ್ನ ಕೈಯಾಗ ಏನಿಲ್ರೀ ಭಾಯಿಸಾಬ್. ಆಪಾ ತೆಗದಾರ, ಆಪಾನೇ ತಗೋಬೇಕು. ಫೋನ್‌ದಾಗ ಮಾತಾಡಬ್ಯಾಡ್ರಿ, ಹೋಗಿ ಭೇಟಿ ಆಗ್ರಿ."

ಕಮಲಾಪುರ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಮರುದಿನ ಕಿಟಕಿಯ ಪಕ್ಕ ಕೂತು ಲೆಕ್ಕ ಹಾಕಿದೆ. ವರ್ಷ ದಾಟಿತ್ತು ಅಕ್ಕನ ಮನೆಗೆ ಹೋಗಿ! ಹೋಗಬೇಕೆಂದು ಅನ್ನಿಸಿಯೇ ಇರಲಿಲ್ಲ. ಆಟದಲ್ಲಿ ಸಿಗುತ್ತಾಳಲ್ಲ ಎಂಬ ಸಮಾಧಾನ. ಮಲ್ಲುವಂತೂ ಮನೆಶಾಂತಿಗೆ ಅವಳನ್ನು ಕರೆಯಲು ಹೋದದ್ದೇ ಕೊನೆ.

ದಾರಿಯುದ್ದಕ್ಕೂ ಕ್ಷಮೆಯ ಮಾತು ಹೊಂದಿಸಿಕೊಂಡಿದ್ದೆ. ಬಾಗಿಲಲ್ಲಿ ಅಕ್ಕ "ಬಂದೆ? ಕೈಕಾಲ ತೊಳ್ಕೋ" ಎಂದಳು. ಒಳಗೆ ಒಲೆಯ ಮೇಲೆ ಹಂಚು ಕಾದಿತ್ತು. ದೊಡ್ಡ ಬೋಗುಣಿಯಲ್ಲಿ ರುಬ್ಬಿದ ಹೂರಣ. ನಾನು ದಂಗಾದೆ. ಬರುವ ಸುದ್ದಿಯನ್ನು ನಾನು ಹೇಳಿಯೇ ಇರಲಿಲ್ಲ.

"ಅಕ್ಕಾ, ಇನ್ನ ಮ್ಯಾಲ ದಿನಾ ಆಡ್ತೀನಿ. ನನ್ನ ವಾಪಸ್ ತಗೋ" ಎಂದೆ. ದನಿ ಸ್ವಲ್ಪ ಅಂಗನವಾಡಿಯ ಮಕ್ಕಳದೇ ಆಗಿತ್ತು.

ಅವಳು ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ ಹೇಳಿದಳು: "ನೀ ದಿನಾ ಆಡಿದ್ರೂ ತೆಗೀತಿದ್ದೆ."

ಅವಳು ತನ್ನ ಮೊಬೈಲು ಮುಂದೆ ಹಿಡಿದಳು. ತಂಡದವರ ಹೆಸರುಗಳು; ಆಟದಲ್ಲಿ ಇದ್ದವರ ಹೆಸರಿನ ಪಕ್ಕ ಹಸಿರು ಚುಕ್ಕಿ. "ಮುಂಜಾನೆ ಎದ್ದು ಇದ್ನ ನೋಡ್ತೀನಿ. ಚುಕ್ಕಿ ಕಂಡ್ರ ತಮ್ಮ ಎದ್ದಾನ, ಆರಾಮ ಅದಾನ ಅಂತ ಸಮಾಧಾನ ಮಾಡ್ಕೊಂತಿದ್ದೆ. ವರ್ಷ ಆತು, ಚುಕ್ಕಿನೇ ನೋಡಾಕತ್ತೀನಿ. ಚುಕ್ಕಿಗಿ ಹೋಳಿಗಿ ಬಡಸಾಕ ಬರ್ತದೇನೋ ತಮ್ಮಾ?"

ಬಾ ಎಂದು ಕರೆದಿದ್ದರೆ ನಾನು 'ಮುಂದಿನ ವಾರ ನೋಡೋಣ' ಎನ್ನುತ್ತಿದ್ದೆ, ಅದು ಅವಳಿಗೆ ಗೊತ್ತಿತ್ತು. ಹೊರಗೆ ಹಾಕಿದರೆ ಓಡಿ ಬರುತ್ತೇನೆಂಬುದೂ ಗೊತ್ತಿತ್ತು. ನಾಚಿಕೆಯಾಯಿತು, ಅಷ್ಟೇ ಸಂತೋಷವೂ ಆಯಿತು. ಸಂಜೆಯವರೆಗೆ ಹರಟಿದೆವು. ಆಟದ ಮಾತು ಒಂದೂ ಬರಲಿಲ್ಲ.

ಹೊರಡುವಾಗ ಮತ್ತೆ ಬಿಸಿ ಹೋಳಿಗೆ ಮಾಡಿ ಡಬ್ಬಿಗೆ ಹಾಕಿಕೊಟ್ಟಳು. ಬೋಗುಣಿಯಲ್ಲಿ ಅರ್ಧ ಹೂರಣ ಹಾಗೇ ಇತ್ತು. "ಇಷ್ಟ್ಯಾಕ ಉಳಿಸಿದಿ?" ಎಂದೆ. "ನಾಳಿಗಿ ಬೇಕು" ಎಂದು ಫ್ರಿಜ್ಜಿನಲ್ಲಿಟ್ಟಳು.

ಬಸ್ಸು ಊರು ದಾಟುವಷ್ಟರಲ್ಲಿ ಮೊಬೈಲು ಗುಂಯ್‌ಗುಟ್ಟಿತು. ನನ್ನನ್ನು ತಂಡಕ್ಕೆ ಮರಳಿ ಸೇರಿಸಿಕೊಂಡಿದ್ದಳು. ಹಿಗ್ಗುವ ಮುಂಚೆಯೇ ಮಲ್ಲುವಿನ ಫೋನು. ದನಿ ಗಾಬರಿಯಿಂದ ಕೀರಲಾಗಿತ್ತು.

"ಅಣ್ಣಾ, ಅಕ್ಕಗ ಏನಾಗ್ಯದ? ನನ್ನ ತೆಗದಾಳ! ಒಂದ ದಿನಾನೂ ತಪ್ಪಿಸಿಲ್ಲೋ ನಾ! ನೀ ಏನರೆ ಚಾಡಿ ಹೇಳಿ ಬಂದಿಯೇನು?"

ತೊಡೆಯ ಮೇಲಿನ ಡಬ್ಬಿ ಇನ್ನೂ ಬಿಸಿಯಾಗಿತ್ತು. ನಗು ತಡೆದುಕೊಂಡು ಹೇಳಿದೆ: "ಇದು ಫೋನ್‌ದಾಗ ಬಗೆಹರಿಯಂಗಿಲ್ಲ ತಮ್ಮಾ. ನಾಳೆ ಮುಂಜಾನಿ ಬಸ್ಸಿಗಿ ಹೋಗು. ಮನ್ಯಾಗ ನಾಷ್ಟಾ ಮಾಡಬ್ಯಾಡ, ಹಸಕೊಂಡ ಹೋಗು."