ನೀರಿನ ಮೇಲೆ ಎಂಟು ಮೈಲಿ

ನಾನಿರುವ ಏಪೆಕ್ಸ್ ಊರಿನಿಂದ ಬೆಳಿಗ್ಗೆ ಹನ್ನೊಂದಕ್ಕೆ ಹೊರಟೆ; ಹನ್ನೆರಡೂ ಆಗಿರಬಹುದು. ಅಕ್ಟೋಬರಿನ ತೆಳು ಚಳಿ. ಉತ್ತರಕ್ಕೆ ಒಂದೂವರೆ ಗಂಟೆ ಹೋದರೆ ದೊಡ್ಡ ಸರೋವರದ ದಂಡೆಯಲ್ಲೊಂದು ಸಣ್ಣ ಊರು. ಅಲ್ಲಿ ನನ್ನ ಮೈಸೂರಿನ ಗೆಳತಿ ಶಬಾನಾ ಔಷಧಿ ಅಂಗಡಿ ನಡೆಸುತ್ತಾಳೆ.

ವಿಮೆಯವರ ಪರವಾಗಿ ಔಷಧಿ ವ್ಯವಹಾರ ನೋಡಿಕೊಳ್ಳುವ ಕಂಪನಿಯೊಂದು ಅವಳ ಅಂಗಡಿಯನ್ನು ತನ್ನ ಜಾಲದಿಂದ ಕೈಬಿಟ್ಟಿತ್ತು. ರೋಗಿಗಳಿಗೆ ಹತ್ತಿರದಲ್ಲೇ ಬೇರೆ ಅಂಗಡಿ ಇದೆಯೆಂದು ಕಂಪನಿ ರಾಜ್ಯದ ವಿಮಾ ಇಲಾಖೆಗೆ ತೋರಿಸಬೇಕಿತ್ತು. ಎಂಟು ಮೈಲಿಯಲ್ಲಿದೆ ಎಂದು ತೋರಿಸಿಯೂ ಇತ್ತು.

"ಸುಮಾ, ನೀನು ಡ್ರೈವ್ ಮಾಡು, ನಾನು ವಿಡಿಯೋ ಮಾಡ್ತೀನಿ. ಎಂಟು ಮೈಲಿ ಎಲ್ಲಿದೆ ನೋಡೇ ಬಿಡೋಣ," ಎಂದಳು ಶಬಾನಾ.

ಹಿಂದಿನ ಸೀಟಿನಲ್ಲಿ ಮಿಸ್ ಲೊರೆಟ್ಟಾ ಆಗಲೇ ಕೂತಿದ್ದರು. ವಯಸ್ಸು ಎಪ್ಪತ್ತು ದಾಟಿದೆ. ಕಣ್ಣು ಮಂಜಾದ ಮೇಲೆ ಕಾರು ಓಡಿಸುವುದನ್ನು ನಿಲ್ಲಿಸಿದ್ದಾರೆ. ಶಬಾನಾಳ ಅಂಗಡಿಗೆ ನಡೆದೇ ಬಂದು ಇನ್ಸುಲಿನ್ ಒಯ್ಯುತ್ತಿದ್ದವರು. ತಿಂಗಳು ಮುಗಿದರೆ ಇಲ್ಲಿ ಅವರ ವಿಮೆ ನಡೆಯುವುದಿಲ್ಲ.

ರಸ್ತೆ ಸರೋವರವನ್ನು ಬಳಸಿಕೊಂಡು ಸುತ್ತಿತು. ನೀರು ನನ್ನ ಎಡಕ್ಕಿತ್ತು. ಶಬಾನಾ ಇಂದಿಗೂ ಬಲಕ್ಕೆ ಎನ್ನುತ್ತಾಳೆ. ವಿಡಿಯೋ ನೋಡಿದರೆ ತೀರ್ಮಾನವಾಗುತ್ತದೆ, ನಾನು ನೋಡಿಲ್ಲ. ದಾರಿಬದಿಯಲ್ಲಿ ಬೇಯಿಸಿದ ಕಡಲೆಕಾಯಿ ಕೊಂಡೆವು. "ಥೇಟ್ ನಮ್ಮೂರಿಂದೇ ಕಣೇ, ಉಪ್ಪು ಮಾತ್ರ ಜಾಸ್ತಿ," ಎಂದಳು ಶಬಾನಾ.

ಸೇತುವೆ ಸಿಕ್ಕಿ ಆಚೆ ದಂಡೆಗೆ ತಲುಪುವಾಗ ಮೂವತ್ತೊಂಬತ್ತು ಮೈಲಿ ಆಗಿತ್ತು. ಕಂಪನಿ ತೋರಿಸಿದ್ದ ಅಂಗಡಿ ಇತ್ತು. ಆದರೆ ಗಿರಾಕಿಗೆ ಬಾಗಿಲಿಲ್ಲ, ಗಂಟೆ ಮಾತ್ರ. ಒತ್ತಿದಾಗ ಒಬ್ಬ ಯುವತಿ ಇಣುಕಿದಳು.

"ಸಾರಿ ಮ್ಯಾಮ್, ನಾವು ವೃದ್ಧಾಶ್ರಮಗಳಿಗೆ ಮಾತ್ರ ಔಷಧಿ ಕಳಿಸೋದು. ಹೊರಗಿನವರಿಗೆ ಕೊಡಲ್ಲ."

"ಹಾಗಾದ್ರೆ ಮೊದಲು ನನ್ನನ್ನ ವೃದ್ಧಾಶ್ರಮಕ್ಕೆ ಸೇರಿಸಬೇಕು," ಎಂದು ಲೊರೆಟ್ಟಾ ನಮ್ಮ ಕಡೆ ತಿರುಗಿದರು. "ಅದಕ್ಕಿನ್ನೂ ಟೈಮಿದೆ, ಮಗಳೇ."

ಅಂಗಡಿಯ ಹಿಂದೆ ನೀರು. ಆಚೆ ದಡದಲ್ಲಿ ಲೊರೆಟ್ಟಾ ಅವರ ಊರಿನ ನೀರಿನ ಟ್ಯಾಂಕು ಬೆಳ್ಳಗೆ ನಿಂತಿತ್ತು. ನಕ್ಷೆಯ ಮೇಲೆ ಗೆರೆ ಎಳೆದವರು ಸುಳ್ಳು ಹೇಳಿರಲಿಲ್ಲ. ಹಕ್ಕಿಗಾದರೆ ಎಂಟೇ ಮೈಲಿ. ಶಬಾನಾ ಕಂಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಆ ಕಡೆಯ ಹುಡುಗ ವಿನಯದಿಂದಲೇ, ಸಿಸ್ಟಮ್ ಪ್ರಕಾರ ಎಲ್ಲ ಸರಿಯಿದೆ ಎಂದ. "ಸರಿಯಿದ್ರೆ ದೋಣಿ ಕಳಿಸಿ, ಕಾಯ್ತಿರ್ತೀವಿ," ಎಂದು ಅವಳು ಫೋನ್ ಇಟ್ಟಳು.

"ವಿಮಾ ಇಲಾಖೆಯಲ್ಲಿ ನಿನ್ನ ದೂರಿನ ವಿಚಾರಣೆ ಮುಂದಿನ ವಾರ ತಾನೆ? ಮನೆಗೆ ಹೋಗೋಣ," ಎಂದೆ ನಾನು.

"ಆ ಇಲಾಖೆ ಇರೋದೆಲ್ಲಿ?" ಲೊರೆಟ್ಟಾ ಕೇಳಿದರು.

"ರಾಜಧಾನಿ ರಾಲಿಯಲ್ಲಿ," ಎಂದೆ. "ಇಲ್ಲಿಂದ ಒಂದೂವರೆ ಗಂಟೆ."

"ಹೇಗೂ ಕಾರಲ್ಲಿ ಬಂದಿದೀನಿ. ನಡೀರಿ."

ಸಂಜೆಯ ಟ್ರಾಫಿಕ್ ಸೀಳಿಕೊಂಡು ತಲುಪಿದಾಗ ಕಚೇರಿ ಮುಚ್ಚುವ ಹೊತ್ತು. ಕಾವಲಿನವನು ನಾಳೆ ಬನ್ನಿ ಎಂದ. ಲೊರೆಟ್ಟಾ ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು, ಶಬಾನಾ ಪಕ್ಕದಲ್ಲಿ ಕೂತಳು, ನಾನೂ. ಕೊನೆಗೆ ಅಧಿಕಾರಿಯೊಬ್ಬರು ಕೋಟು ಹಾಕಿಕೊಳ್ಳುತ್ತಲೇ ಇಳಿದು ಬಂದರು. ಎದುರು ಕೂತು, ಶಬಾನಾ ಹೇಳಿದ್ದನ್ನು ಕೇಳಿಸಿಕೊಂಡು, ಅಷ್ಟೇನೂ ಗಡಸಿಲ್ಲದೆ ಕೇಳಿದರು:

"ಮ್ಯಾಮ್, ಇನ್ನು ಮುಂದೆ ನೀವು ಇನ್ಸುಲಿನ್ ಎಲ್ಲಿ ತಗೊಳ್ತೀರಿ?"

"ಅದನ್ನೇ ನಿಮ್ಮನ್ನ ಕೇಳೋಕೆ ಬಂದೆ," ಎಂದರು ಲೊರೆಟ್ಟಾ.

ಅಧಿಕಾರಿ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು.