ಅಜ್ಜಿ ಹಲ್ಲು ತೆಗೆದ ಮಧ್ಯಾಹ್ನ

ಯಾರಾದರೂ ಸೆರಗಿಗೆ ಗಂಟು ಹಾಕಿದರೆ ನನ್ನ ಎದೆ ಇಂದಿಗೂ ಧಸಕ್ಕೆನ್ನುತ್ತದೆ. ಮಕ್ಕಳ ಪುಸ್ತಕಕ್ಕೆ ಕಾವ್ಯನಾಮ ಯಾಕೆ ಎಂದು ಕೇಳುವವರಿಗೆ ಆ ಗಂಟಿನಿಂದಲೇ ಶುರುಮಾಡಬೇಕು.

ತಮಿಳುನಾಡಿನ ನೆಗಮಂನ ನಮ್ಮ ನೇಕಾರರ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದುವುದು ಮಾತ್ರ ತಮಿಳು. ಮೈಸೂರಿನಲ್ಲಿ ಕಾಲೇಜು ಓದುವಾಗ ಕನ್ನಡ ಅಕ್ಷರ ಕಲಿತವಳು ನಾನೊಬ್ಬಳೇ. ಆ ಧೈರ್ಯದಲ್ಲಿ ಮೊದಲ ಪುಸ್ತಕದಲ್ಲಿ ಅಜ್ಜಿಯನ್ನೇ ಮೊಸಳೆ ಮಾಡಿ ನದಿಗಿಳಿಸಿದೆ. ಜಗಳಕ್ಕೆ ಮುಂಚೆ ಅಜ್ಜಿ ಹಲ್ಲಿನ ಸೆಟ್ಟು ತೆಗೆದು ಸೆರಗಿಗೆ ಗಂಟು ಹಾಕುತ್ತಾಳೆ. ಕೂಗಾಟದಲ್ಲಿ ಬಿದ್ದು ಒಡೆಯಬಾರದಲ್ಲ. ನನ್ನ ಮೊಸಳೆಯದೂ ಅದೇ ಪದ್ಧತಿ.

ಆಮೇಲೆ ಚಿಕ್ಕಪ್ಪ ಚಾಮರಾಜನಗರದಿಂದ ಹೆಣ್ಣು ತಂದ. ಹೊಸ ಚಿಕ್ಕಮ್ಮನಿಗೆ ಕನ್ನಡ ಓದಲು ಬರುತ್ತದೆಂಬುದು ನನಗೆ ಹೊಳೆಯಲೇ ಇಲ್ಲ. ಒಂದು ಮಧ್ಯಾಹ್ನ ಆಕೆ ನನ್ನ ಚೀಲದಿಂದ ಇಣುಕುತ್ತಿದ್ದ ಪುಸ್ತಕ ತೆಗೆದು, ಮಗ್ಗದಲ್ಲಿ ಕೂತಿದ್ದ ಅಜ್ಜಿಗೆ ಜೋರಾಗಿ ಓದತೊಡಗಿದಳು. ಮೊಸಳೆ ಹಲ್ಲು ತೆಗೆಯಿತು. ಮಗ್ಗ ನಿಂತಿತು. ಚಿಕ್ಕಮ್ಮ ಪಾಪ, ಕೊನೆಯವರೆಗೂ ಓದಿದಳು.

“ಯಾರ್ ಬರೆದದ್ದು ಇದ?” ಎಂದಳು ಅಜ್ಜಿ. ಕೈಯಲ್ಲಿ ಲಾಳಿ. ಅದರ ಎರಡೂ ತುದಿಗೆ ಕಬ್ಬಿಣದ ಮೊನೆ.

ಚಿಕ್ಕಮ್ಮ ಮುಖಪುಟ ನೋಡಿ ತಡವರಿಸಿದಳು. ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದು ನಮ್ಮಲ್ಲಿ ವಾಡಿಕೆ; ನನ್ನದೂ ಅದೇ ಹೆಸರು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿಲ್ಲ. ಹಾಗಾಗಿ ಮನೆಯಲ್ಲಿ ನಾನು ಬರೀ ‘ಪಾಪಾ’.

“ಅದು... ನಿಮ್ ಹೆಸ್ರೇ ಅದ, ಅತ್ತೆ.”

“ಅಯ್ಯೋ, ಮೊಸಳೆಗೆ ನನ್ ಹೆಸರಾ?”

“ಮೊಸಳೆಗಲ್ಲ ಅಜ್ಜಿ,” ಎಂದು ನಾನೇ ಬಾಯಿ ಹಾಕಿದೆ. “ಬರೆದೋಳ ಹೆಸರು. ನಂದು.”

ಅಜ್ಜಿ ಲಾಳಿ ಕೆಳಗಿಟ್ಟಳು. ಹಲ್ಲು ಹೊರಬಂತು. ಸೆರಗಿಗೆ ಗಂಟು ಬಿತ್ತು. ನಾನು ಬಾಗಿಲ ಕಡೆ ನೋಡಿದೆ; ಅಲ್ಲಿ ಚಿಕ್ಕಮ್ಮ ಪುಸ್ತಕವನ್ನು ಗುರಾಣಿಯಂತೆ ಹಿಡಿದು ದಾರಿಗಡ್ಡ ನಿಂತಿದ್ದಳು. ಆಮೇಲೆ ಸುರಿದ ಬೈಗುಳದಲ್ಲಿ ‘ಫೂ’, ‘ಫಾ’ ಬಿಟ್ಟು ಏನೂ ತಿಳಿಯಲಿಲ್ಲ. ಅದು ಅಜ್ಜಿಗೂ ಗೊತ್ತಾಗಿರಬೇಕು, ಗಂಟು ಬಿಚ್ಚಿ ಹಲ್ಲು ಹಾಕಿಕೊಂಡಳು.

“ಏಂಡಿ ಪಾಪಾ, ಅಷ್ಟು ಓದಿದೋಳಿಗೆ ಬುದ್ಧಿ ಬೇಡ್ವಾ? ಕೊನೇಲಿ ಗೆಲ್ಲೋದು ಆ ಮೊಸಳೆನೇ. ಮೇಲೆ ನನ್ ಹೆಸರು. ನಾಳೆ ಇವಳು ಬೀದಿಗೆಲ್ಲ ಓದಿ ಹೇಳ್ತಾಳೆ. ಮುದಿ ಕಿಳವಿ ತನ್ ಹೆಮ್ಮೆ ಪೆರುಮೆ ತಾನೇ ಬರ್ಕೊಂಡವಳೆ ಅಂತ ನಗಲ್ವಾ ಜನ? ಬೇರೆ ಹೆಸರು ಹಾಕ್ಕೋ.”

“ಮೊಸಳೆ?” ಎಂದೆ.

“ಅದು ಇರ್ಲಿ,” ಎಂದು ಅಜ್ಜಿ ಮಗ್ಗದ ಕಡೆ ತಿರುಗಿದಳು. “ಬಾಲ ಮಾತ್ರ ಇನ್ನೂ ಸ್ವಲ್ಪ ಉದ್ದ ಮಾಡು.”