ಹದ್ದುಗಳಿಗೆ ಮಾತ್ರ, ನಲವತ್ತು ಕಿಲೋ

ಯಲಹಂಕ ಹಳೇ ಪಟ್ಟಣದಲ್ಲಿ ಖಾದರ್ ಬಾಷಾ ಅವರ ಮಟನ್ ಅಂಗಡಿ ಹುಡುಕಲು ವಿಳಾಸ ಬೇಡ, ಬೆಳಿಗ್ಗೆ ಹತ್ತೂವರೆಗೆ ತಲೆ ಎತ್ತಿದರೆ ಸಾಕು. ಎಲ್ಲಿ ಹದ್ದುಗಳು ಸುತ್ತುತ್ತಿವೆಯೋ ಅದರ ಕೆಳಗೇ ಅಂಗಡಿ. ಅರವತ್ತರ ಹತ್ತಿರದ ಬಾಷಾ ಸಾಹೇಬರು ಕತ್ತಿಯ ಹಿಂಬದಿಯಿಂದ ಸ್ಟೀಲ್ ಬೇಸನ್ನಿಗೆ ಮೂರು ಸಲ ಬಡಿಯುತ್ತಾರೆ. ಎದುರಿನ ನೀರಿನ ಟ್ಯಾಂಕಿನ ಅಂಚಿನಲ್ಲಿ ಹದ್ದುಗಳು ಸಾಲಾಗಿ ಬಂದು ಕೂರುತ್ತವೆ. ನಮ್ಮ ಕಾನ್ವೆಂಟಿನ ಅಸೆಂಬ್ಲಿಯಲ್ಲೂ ಅಷ್ಟು ನೇರವಾದ ಸಾಲು ನಾನು ಕಂಡಿಲ್ಲ. ಆಮೇಲೆ ಅವರು ಚೂರುಪಾರು ಮಾಂಸವನ್ನು ಒಂದೊಂದಾಗಿ ಮೇಲೆಸೆಯುತ್ತಾರೆ, ಹದ್ದುಗಳು ಗಾಳಿಯಲ್ಲೇ ಹಿಡಿಯುತ್ತವೆ. ಕಾಯಿಲೆಯ ಮಗುವಿನ ತಲೆ ಸುತ್ತ ದೃಷ್ಟಿಗೆಂದು ನಿವಾಳಿಸಿದ ಮಾಂಸವನ್ನು ತಂದು ಕೊಡುವವರೂ ಇದ್ದಾರೆ, ಅದೂ ಆಕಾಶಕ್ಕೇ ಸಲ್ಲುತ್ತದೆ. ಕೊನೆಗೆ ಬೇಸನ್ ತೊಳೆದು, ಎಲ್ಲ ಹದ್ದುಗಳಿಗೂ ಕಾಣುವಂತೆ ಬೋರಲು ಹಾಕುತ್ತಾರೆ. ಬೋರಲು ಬಿತ್ತೆಂದರೆ ಊಟ ಮುಗಿಯಿತು. ಹದ್ದುಗಳು ಎದ್ದು ಹೋಗುತ್ತವೆ. ಮೂವತ್ತು ವರ್ಷಗಳಿಂದ ಈ ಒಪ್ಪಂದವನ್ನು ಎರಡೂ ಕಡೆಯವರು ಒಮ್ಮೆಯೂ ಮುರಿದಿರಲಿಲ್ಲ.

ಎರಡು ವರ್ಷಕ್ಕೊಮ್ಮೆ ಮಾತ್ರ ನಮ್ಮ ಆಕಾಶಕ್ಕೆ ಬೇರೆ ನೆಂಟರು ಬರುತ್ತಾರೆ. ವಿಮಾನ ಪ್ರದರ್ಶನದ ಕಾಲ ಅದು. ಹದ್ದು ವಿಮಾನಕ್ಕೆ ಬಡಿದರೆ ಅಪಾಯವಲ್ಲವೇ, ಅದಕ್ಕಾಗಿ ವಾಯುನೆಲೆಯ ಸುತ್ತ ಹತ್ತು ಕಿಲೋಮೀಟರ್ ಒಳಗೆ ಎರಡು ವಾರಕ್ಕೂ ಹೆಚ್ಚು ದಿನ ಮಾಂಸ ಮಾರುವಂತಿಲ್ಲ, ಬಡಿಸುವಂತಿಲ್ಲ ಎಂದು ಆದೇಶ ಹೊರಡುತ್ತದೆ. ಹದ್ದುಗಳಿಗೋಸ್ಕರ ಮನುಷ್ಯರಿಗೆ ಹದ್ದು ಹಾಕುವುದು ಎಂದರೆ ಇದೇ. ಬಾಷಾ ಸಾಹೇಬರು ಮಾಂಸದಂಗಡಿಯವರ ಸಂಘದ ಅಧ್ಯಕ್ಷರು. ಮುಚ್ಚಳಿಕೆಗೆ ಮೊದಲ ಸಹಿ ಅವರದೇ. ತಮ್ಮ ಷಟರ್ ಮೇಲೆ ನೋಟಿಸನ್ನು ತಾವೇ ಅಂಟಿಸುತ್ತಾರೆ, ಮೂಲೆಗಳಿಗೆ ಇನ್ನೊಂದಿಷ್ಟು ಗೋಂದು ಹಚ್ಚಿ.

"ಕಾನೂನು ಅಂದ್ರೆ ತಕ್ಕಡಿ ಇದ್ದಂಗೆ ಸಾರ್," ಎನ್ನುತ್ತಾರೆ. "ಬೆರಳು ಇಡಬಾರ್ದು."

ಈ ಸಲದ ಆದೇಶ ಬಂದ ದಿನ ಅವರ ಕೈಯಲ್ಲಿ ಇನ್ನೊಂದು ಕಾಗದವೂ ಇತ್ತು: ಮಗಳು ರುಖ್ಸಾರಳ ಮದುವೆಯ ಕರೆಯೋಲೆ. ಶಾದಿಮಹಲನ್ನು ಆರು ತಿಂಗಳ ಹಿಂದೆಯೇ ಹಿಡಿದಿದ್ದರು. ನಿಷೇಧದ ಹನ್ನೆರಡನೆಯ ದಿನವೇ ಭಾನುವಾರ, ನಿಕಾಹ್. ಹತ್ತು ಕಿಲೋಮೀಟರಿನಾಚೆ ಯಾವ ಶಾದಿಮಹಲೂ ಖಾಲಿ ಇರಲಿಲ್ಲ. ಯಲಹಂಕದ ಮುಕ್ಕಾಲು ಮದುವೆಗಳಿಗೆ ಮಟನ್ ತೂಗಿಕೊಟ್ಟ ಮನುಷ್ಯ ಸ್ವಂತ ಮಗಳ ಮದುವೆಯಲ್ಲಿ ಮುನ್ನೂರೈವತ್ತು ಜನಕ್ಕೆ ಬದನೆಕಾಯಿ ಬಡಿಸಬೇಕು!

"ಜನ ಏನಂತಾರೆ?" ಎಂದರು ಹೆಂಡತಿ ಕುಬ್ರಾ. "ಊರಿಗೆಲ್ಲಾ ತೊಡೆ ಕೊಟ್ಟು ಬೀಗರಿಗೆ ತೊಟ್ಟು ಕೊಟ್ರು ಅಂತಾರೆ."

"ಆರ್ಡರ್ ಇದೆಯಲ್ಲೇ."

"ಆರ್ಡರ್ ತಟ್ಟೆಗೆ ಹಾಕ್ಲಾ?"

ಆ ವಾರ ಬಾಷಾ ಸಾಹೇಬರು ಮೂರು ಸಲ ಬದನೆಕಾಯಿ ಸಾಲನ್ ರುಚಿ ನೋಡಿದರು, ಮೂರು ಸಲವೂ ಉಪ್ಪು ಸರಿಯಿಲ್ಲವೆಂದರು. ಉಪ್ಪು ಸರಿಯಾಗಿಯೇ ಇತ್ತು.

ಈಗ ಕಥೆಗೆ ಮೋನಿಕಾ ಬರುತ್ತಾಳೆ. ವಿದ್ಯಾರಣ್ಯಪುರದ ಹುಡುಗಿ, ಎಂಜಿನಿಯರು. ಅವಳ ಕಂಪನಿ ಹಾರುವ ಯಂತ್ರಗಳ ಹೊಟ್ಟೆಗೆ ಕಟ್ಟುವ ಕಣ್ಣುಗಳನ್ನು ತಯಾರಿಸುತ್ತದೆ. ಶಾಖ ನೋಡುವ ಕಣ್ಣು, ದೂರ ಅಳೆಯುವ ಕಣ್ಣು, ಹಕ್ಕಿ ಎಣಿಸುವ ಕಣ್ಣು. ಇಂಥ ಕಣ್ಣುಗಳ ಮಾರುಕಟ್ಟೆ ಜಗತ್ತಿನಾದ್ಯಂತ ಬೆಳೆಯುತ್ತಿದೆಯಂತೆ, ಪೈಪೋಟಿಗೆ ಕಣ್ಣುಮುಚ್ಚುವಷ್ಟೂ ಪುರುಸೊತ್ತಿಲ್ಲವಂತೆ. ಅವಳದು ಅಪ್ಪಟ ದೇಶೀ ಕಂಪನಿ, ಬಿಡಿಭಾಗಗಳು ಮಾತ್ರ ವಿದೇಶದವು. ಅವಳ ಎದುರಾಳಿ ವಿಜಯಕುಮಾರ ಎಂಬಾತ. ಅವನದು ಅಪ್ಪಟ ವಿದೇಶಿ ಕಂಪನಿ, ಬಿಡಿಭಾಗಗಳು ಮಾತ್ರ ಪೀಣ್ಯದವು.

ಹಕ್ಕಿಗಳನ್ನು ಗುರುತಿಸುವ ಕಣ್ಣು ಕೊಳ್ಳಲು ಒಂದು ಸರ್ಕಾರಿ ಸಮಿತಿ ಕೂತಿತ್ತು. ಚಿಕ್ಕಜಾಲದ ಬಳಿಯ ಖಾಲಿ ಮೈದಾನದಲ್ಲಿ ಎರಡೂ ಕಂಪನಿಗಳು ಡ್ರೋನ್ ಹಾರಿಸಿದವು. ಆಕಾಶದಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಮಾಂಸದಂಗಡಿಗಳು ಮುಚ್ಚಿ ಐದು ದಿನವಾಗಿತ್ತು, ಹದ್ದುಗಳೆಲ್ಲ ಬೇರೆ ಕಡೆ ವಲಸೆ ಹೋಗಿದ್ದವು. ಮೋನಿಕಾಳ ಯಂತ್ರ ಸೊನ್ನೆ ತೋರಿಸಿತು. ವಿಜಯಕುಮಾರನ ಯಂತ್ರವೂ ಸೊನ್ನೆ ತೋರಿಸಿತು. ನೂರಕ್ಕೆ ನೂರು ನಿಖರ ಎಂದು ಇಬ್ಬರೂ ವರದಿ ಕೊಟ್ಟರು. ಇಲ್ಲದ್ದನ್ನು ಇಲ್ಲವೆಂದು ಹೇಳುವುದರಲ್ಲಿ ಯಾರು ಮುಂದೆ ಎಂದು ಸಮಿತಿಗೆ ತೀರ್ಮಾನಿಸಲಾಗಲಿಲ್ಲ. ಹದ್ದುಗಳನ್ನು ತಂದು ಮತ್ತೆ ತೋರಿಸಿ ಎಂದಿತು.

ಹದ್ದು ಎಲ್ಲಿಂದ ತರುವುದು? ಮೋನಿಕಾಳ ಕಂಪನಿಗೆ ಅಲ್ಯೂಮಿನಿಯಂ ಡಬ್ಬಿಗಳನ್ನು ಕಡೆದು ಕೊಡುವ ಒಂದು ಶೆಡ್ ಟಿ. ದಾಸರಹಳ್ಳಿಯಲ್ಲಿದೆ. ಅಲ್ಲಿನ ಟರ್ನರ್ ಅರ್ಮಾನ್ ಎಂಬುವನು ಹೇಳಿದ: "ಮೇಡಂ, ನಮ್ಮ ಮಾವ ಆಗೋರು ಬೇಸನ್ ಬಡಿದ್ರೆ ಹದ್ದು ಬರ್ತಾವೆ." ಮಾವ ಆಗುವವರು ಯಾರೆಂದು ಓದುಗರಿಗೆ ಹೇಳಬೇಕಿಲ್ಲ.

ಮರುದಿನ ಮೋನಿಕಾ ಬಾಷಾ ಸಾಹೇಬರ ಮನೆಯ ಜಗಲಿಯಲ್ಲಿ ಕೂತಿದ್ದಳು. "ಅಂಕಲ್, ಒಂದು ಬೆಳಿಗ್ಗೆ ಸಾಕು. ಸ್ಪೆಷಲ್ ಪರ್ಮಿಷನ್ ನಾವು ತರ್ತೀವಿ. ಆ ಹೊತ್ತಲ್ಲಿ ಯಾವ್ದೂ ಫ್ಲೈಟ್ ಇರಲ್ಲ. ಬರೋ ಭಾನುವಾರ."

"ಭಾನುವಾರ ನನ್ ಮಗಳ ಮದ್ವೆ ಬೇಟಿ."

"ಬೆಳಿಗ್ಗೆ ಎಂಟಕ್ಕೆ ಮುಗ್ದೋಗುತ್ತೆ ಅಂಕಲ್. ಎಷ್ಟು ಮಟನ್ ಬೇಕಾಗುತ್ತೆ ಹೇಳಿ, ಲೆಟರ್‌ನಲ್ಲಿ ಬರೀಬೇಕು."

"ನೂರೈವತ್ತು ಹದ್ದು ಅಂದ್ರೂ ಐದು ಕಿಲೋ…" ಎಂದು ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿನ ಪರದೆಯ ಹಿಂದಿನಿಂದ ಒಂದು ಧ್ವನಿ ಬಂತು.

"ನಲವತ್ತು."

ಮೋನಿಕಾ ಪರದೆಯತ್ತ ನೋಡಿದಳು. "ನಲವತ್ತು ಕಿಲೋನಾ ಆಂಟಿ?"

"ಅಷ್ಟೊತ್ತಿಗೆ ಹನ್ನೆರಡು ದಿನ ಉಪವಾಸ ಇರ್ತಾವೆ ಕಣಮ್ಮಾ," ಎಂದರು ಕುಬ್ರಾ, "ಹೊಟ್ಟೆ ತುಂಬಾ ತಿನ್ಲಿ."

ಪತ್ರ ಬಂತು. ಎರಡು ಮೊಹರು, ಮೂರು ಸಹಿ. "ಸದರಿ ನಲವತ್ತು ಕಿಲೋ ಕುರಿ ಮಾಂಸವನ್ನು ಹದ್ದುಗಳಿಗೆ ಮಾತ್ರ ಬಳಸತಕ್ಕದ್ದು." ಮೇಲ್ವಿಚಾರಣೆಗೆ ಆರೋಗ್ಯ ಇನ್ಸ್‌ಪೆಕ್ಟರ್ ಮಹಾಲಿಂಗಪ್ಪನವರನ್ನು ನೇಮಿಸಲಾಗಿತ್ತು. ಇಪ್ಪತ್ತು ವರ್ಷಗಳಿಂದ ಮಾಂಸ ಪರೀಕ್ಷಿಸುತ್ತಿರುವ ಮಹಾಲಿಂಗಪ್ಪನವರು ಮೊಟ್ಟೆಯನ್ನೂ ಮುಟ್ಟದವರು. ಬಾಷಾ ಸಾಹೇಬರ ಹಳೆಯ ಸ್ನೇಹಿತರು, ಮದುವೆಗೆ ಕರೆಯೋಲೆ ಪಡೆದವರು.

ಶನಿವಾರ ಬಂತು. ಐದು ಕಿಲೋ ಹದ್ದಿಗೆ, ಮೂವತ್ತೈದು ಕಿಲೋ ಬಿರಿಯಾನಿಯ ದೇಗ್‌ಗೆ: ಲೆಕ್ಕ ಇಬ್ಬರ ತಲೆಯಲ್ಲೂ ಇತ್ತು, ಬಾಯಿಗೆ ಬಂದಿರಲಿಲ್ಲ. ಸಿಕ್ಕಿಬಿದ್ದರೆ ಲೈಸೆನ್ಸ್ ಹೋಗುತ್ತದೆ. ಸಿಕ್ಕದಿದ್ದರೂ ತಕ್ಕಡಿಯ ಮೇಲೆ ಬೆರಳಿಟ್ಟಂತೆ. ಸಂಜೆ ಬೀಗರ ಕಡೆಯ ಹಿರಿಯರೊಬ್ಬರು ಫೋನ್ ಮಾಡಿ, "ಬಾಷಾ ಸಾಹೇಬರ ಮನೆ ಬಿರಿಯಾನಿ ಅಂದ್ರೆ ನಮ್ಮ ಕಡೆ ಹೆಂಗಸರು ರಾತ್ರಿ ಊಟಾನೂ ಬಿಟ್ಟು ಬರ್ತಿದಾರೆ" ಎಂದರು. ಸಾಹೇಬರು ಫೋನ್ ಇಟ್ಟು ಹೆಂಡತಿಯನ್ನು ಕರೆದರು.

"ಅಕ್ಕಿ ನೆನೆಹಾಕು. ಬದನೆಕಾಯೂ ಇರ್ಲಿ," ಎಂದರು. ಮೂವತ್ತು ವರ್ಷಗಳ ಪ್ರಾಮಾಣಿಕತೆ ಇಷ್ಟು ಸಣ್ಣ ವಾಕ್ಯದಲ್ಲಿ ಮುಗಿಯಿತು.

ಭಾನುವಾರ ಬೆಳಗಾಗುತ್ತಲೇ ಅವರು ಪತ್ರವನ್ನು ಗಾಡಿಯ ಗಾಜಿಗೆ ಅಂಟಿಸಿಕೊಂಡು ದೇವನಹಳ್ಳಿ ಕಡೆಯಿಂದ ಮಾಂಸ ತಂದರು. ಬಿಳಿ ಓಮ್ನಿಯ ಹಿಂಬಾಗಿಲು ತೆರೆದು ಚಿಕ್ಕಜಾಲದ ಮೈದಾನದಲ್ಲಿ ನಿಂತರು. ಮದುವೆಯ ಜುಬ್ಬಾ ಆಗಲೇ ಮೈಮೇಲಿತ್ತು. ಕತ್ತಿಯ ಹಿಂಬದಿಯಿಂದ ಬೇಸನ್ನಿಗೆ ಮೂರೇಟು ಬಡಿದರು.

ಮೊದಲು ಏನೂ ಇಲ್ಲ. ಮತ್ತೆ ಬಡಿದರು. ಹೆಬ್ಬಾಳದ ದಿಕ್ಕಿನಿಂದ ಒಂದು ಚುಕ್ಕೆ ಬಂತು, ಆಮೇಲೆ ಹತ್ತು. ಕಾಲು ಗಂಟೆಯಲ್ಲಿ ಆಕಾಶ ತುಂಬಿತು.

ಸಮಿತಿಯವರು, ಜೊತೆಗೆ ಮಹಾಲಿಂಗಪ್ಪನವರು, ಶಾಮಿಯಾನದೊಳಗೆ ಎರಡು ಟಿವಿ ಪರದೆಗಳ ಮುಂದೆ ಕೂತಿದ್ದರು. ಹೊರಗೆ ಹದ್ದುಗಳು ತಲೆಗೆ ತಗಲುವಷ್ಟು ಹತ್ತಿರ ಹಾರುತ್ತಿದ್ದರೂ ಯಾರೂ ತಲೆ ಎತ್ತಲಿಲ್ಲ. ಪರದೆಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ಮೋನಿಕಾಳ ಯಂತ್ರ ನೂರ ನಲವತ್ತಮೂರು ಎಂದಿತು. ವಿಜಯಕುಮಾರನದು ನೂರ ನಲವತ್ತನಾಲ್ಕು ಎಂದಿತು, ಒಂದು ಪ್ಲಾಸ್ಟಿಕ್ ಕವರನ್ನೂ ಸೇರಿಸಿಕೊಂಡು.

ಇತ್ತ ಬಾಷಾ ಸಾಹೇಬರು ಐದು ಕಿಲೋದಲ್ಲಿ ಅರ್ಧ ಎಸೆದಿದ್ದರು. ಬೇಸನ್ನಿನಲ್ಲಿ ಇನ್ನೂ ಅರ್ಧ ಉಳಿದಿತ್ತು. ಇಷ್ಟೇಕೆ ಹಾಳು ಮಾಡುವುದು, ಇದೂ ದೇಗ್‌ಗೆ ಆಗುತ್ತದೆ ಎಂದು ಬೇಸನ್ನನ್ನು ಹಾಗೇ ಗಾಡಿಗಿಟ್ಟು, ಬಾಗಿಲು ಹಾಕಿ ಹೊರಟೇಬಿಟ್ಟರು. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಬೇಸನ್ ಬೋರಲಾಗಲಿಲ್ಲ.

ಹದ್ದುಗಳಿಗೆ ಕಾನೂನು ಗೊತ್ತಿಲ್ಲ, ಕ್ರಮ ಗೊತ್ತು. ಊಟ ಮುಗಿದಿಲ್ಲವೆಂದಾಯಿತು. ಅವು ಓಮ್ನಿಯ ಹಿಂದೆ ಹೊರಟವು.

ವಿಜಯಕುಮಾರನ ಯಂತ್ರ ಖಾಲಿ ಮೈದಾನವನ್ನೇ ನೋಡುತ್ತಾ "ಅಪಾಯ ನಿವಾರಣೆಯಾಗಿದೆ" ಎಂದು ಘೋಷಿಸಿತು. ಮೋನಿಕಾಳ ಯಂತ್ರ ಮಾತ್ರ ಆಕಾಶದಲ್ಲಿ ನಿಂತಲ್ಲೇ ಕತ್ತು ತಿರುಗಿಸಿತು. ಎಂಟು ಕಿಲೋಮೀಟರ್ ದೂರದವರೆಗೂ ಕಾಣುವ ಕಣ್ಣು ಅದು. ಪರದೆಯ ಮೇಲೆ ಏರ್‌ಪೋರ್ಟ್ ರಸ್ತೆ, ರಸ್ತೆಯಲ್ಲೊಂದು ಬಿಳಿ ಓಮ್ನಿ, ಅದರ ಮೇಲೆ ನೂರ ನಲವತ್ತಮೂರು ಹದ್ದು. ಓಮ್ನಿ ಸಿಗ್ನಲ್‌ನಲ್ಲಿ ನಿಂತರೆ ಹದ್ದುಗಳೂ ನಿಂತು ಸುತ್ತುತ್ತಿದ್ದವು. ಹಸಿರು ಬಿದ್ದರೆ ಹೊರಡುತ್ತಿದ್ದವು. ಅಷ್ಟು ಶಿಸ್ತಿನ ಸಂಚಾರ ಆ ರಸ್ತೆಯಲ್ಲಿ ಕಂಡವರಿಲ್ಲ. ಕೊನೆಗೆ ಓಮ್ನಿ ಯಲಹಂಕದ ಶಾದಿಮಹಲಿನ ಹಿತ್ತಿಲಿಗೆ ಹೊಕ್ಕಿತು. ಸಮಿತಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಹಾಲಿಂಗಪ್ಪನವರು ತಟ್ಟಲಿಲ್ಲ. ಅವರಿಗೆ ಆ ಗಾಡಿ ಯಾರದೆಂದು ಗೊತ್ತಿತ್ತು. ಸ್ಕೂಟರ್ ಹತ್ತಿದರು.

ಹಿತ್ತಿಲಲ್ಲಿ ಎರಡು ದೇಗ್‌ಗಳ ಕೆಳಗೆ ಬೆಂಕಿ ಹತ್ತಿತ್ತು, ಈರುಳ್ಳಿ ಕೆಂಪಾಗುತ್ತಿತ್ತು. ಮಾಂಸ ಇನ್ನೂ ಗಾಡಿಯಲ್ಲೇ ಇತ್ತು. ಶಾದಿಮಹಲಿನ ಪ್ಯಾರಾಪೆಟ್ ಮೇಲೆ ಹದ್ದುಗಳು ಸಾಲಾಗಿ ಕೂತಿದ್ದವು.

"ಏನ್ ಸಾಬ್ರೇ ಇದು?" ಎಂದರು ಮಹಾಲಿಂಗಪ್ಪ.

"ಮಟನ್ ಸಾರ್." ಸಾಹೇಬರಿಗೆ ಸುಳ್ಳು ಅಭ್ಯಾಸವಿರಲಿಲ್ಲ.

"ಯಾರಿಗೆ?"

ಉತ್ತರ ಕುಬ್ರಾ ಅವರಿಂದ ಬಂತು. "ಹದ್ದುಗಳಿಗೇ ಸ್ವಾಮಿ. ಮೂವತ್ತು ವರ್ಷದ ಪರಿಚಯ. ಮದ್ವೆಗೆ ಕರ್ದಿದೀವಿ, ಬಂದಿದಾವೆ."

ಮಹಾಲಿಂಗಪ್ಪನವರು ಜೇಬಿನಿಂದ ಪತ್ರದ ಪ್ರತಿ ತೆಗೆದು ಎರಡು ಸಲ ಓದಿದರು. ಆಮೇಲೆ ಮೆಲ್ಲಗೆ ಹೇಳಿದರು: "ನೋಡಿ ಸಾಬ್ರೇ, ನಾನು ಕೇಸ್ ಬರೆದ್ರೆ ನಿಮ್ ಲೈಸೆನ್ಸ್ ಹೋಗುತ್ತೆ. ಆದ್ರೆ ಈ ಲೆಟರ್‌ನಲ್ಲಿ ಜಾಗದ ಹೆಸರು ಇಲ್ಲ ಕಣ್ರೀ. ಹದ್ದುಗಳಿಗೆ ಮಾತ್ರ ಅಂತ ಅಷ್ಟೇ ಇದೆ. ಹದ್ದುಗಳು ಇಲ್ಲೇ ಇದಾವೆ."

ಬಾಷಾ ಸಾಹೇಬರು ಒಮ್ಮೆ ದೇಗ್‌ಗಳನ್ನು ನೋಡಿದರು, ಒಮ್ಮೆ ಗಾಡಿಯನ್ನು. ಆಮೇಲೆ ಜುಬ್ಬಾದ ತೋಳು ಮಡಿಸಿದರು.

ಟೆರೇಸಿನ ಮೇಲಿಂದ ಒಂದೊಂದೇ ತುಂಡು ಎಸೆದರು. ಬಿರಿಯಾನಿಗೆಂದು ಕತ್ತರಿಸಿದ ಒಳ್ಳೆಯ ತೊಡೆಯ ತುಂಡುಗಳು. ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಹದ್ದುಗಳು ಹೊಟ್ಟೆ ತುಂಬಿದ ಮೇಲೂ ಸಂಕೋಚಕ್ಕೆ ತಿಂದಂತೆ ಕಂಡವು. ಮಹಾಲಿಂಗಪ್ಪನವರು ಪಕ್ಕದಲ್ಲಿ ನಿಂತು ಕೊನೆಯ ತುಂಡಿನವರೆಗೂ ಮೇಲ್ವಿಚಾರಣೆ ಮಾಡಿದರು. ಕೆಳಗಿನ ಕಿಟಕಿಯಿಂದ ಮೆಹಂದಿ ಕೈಯ ರುಖ್ಸಾರ್ ಕೂಗಿದಳು: "ಅಬ್ಬಾ, ನನ್ ಮದ್ವೇಲಿ ಗಂಡಿನ ಕಡೆಯೋರಿಗಿಂತ ಹದ್ದಿನ ಕಡೆಯೋರೇ ಜೋರಾಗಿದಾರೆ!" ಸಾಹೇಬರು ಆ ದಿನ ಮೊದಲ ಸಲ ನಕ್ಕರು. ಬೇಸನ್ ತೊಳೆದು ಬೋರಲು ಹಾಕಿದರು. ಹದ್ದುಗಳು ಎದ್ದು ಹೋದವು.

ಮಧ್ಯಾಹ್ನ ಮುನ್ನೂರೈವತ್ತು ಜನ ಮಾಂಸವಿಲ್ಲದ ಖುಷ್ಕಾ ಅನ್ನ ಮತ್ತು ಬದನೆಕಾಯಿ ಸಾಲನ್ ಉಂಡರು. ಬೀಗರ ಕಡೆಯ ಹೆಂಗಸರು ಅನ್ನವನ್ನು ಬಗೆದು ಬಗೆದು ನೋಡಿದರು. ಆ ಪಂಕ್ತಿಯಲ್ಲಿ ಎರಡನೆಯ ಸಲ ಬಡಿಸಿಕೊಂಡವರು ಮಹಾಲಿಂಗಪ್ಪನವರೊಬ್ಬರೇ. ಎದುರಿನ ಪಂಕ್ತಿಯಲ್ಲಿದ್ದ ನಾನೂ ಬಡಿಸಿಕೊಂಡೆ, ಉಪ್ಪು ಸರಿಯಾಗಿತ್ತು.

ಗುತ್ತಿಗೆ ಮೋನಿಕಾಳ ಕಂಪನಿಗೆ ಸಿಕ್ಕಿತು. ನಗರದೊಳಗೆ ಹಕ್ಕಿಗಳ ಹಿಂಡನ್ನು ಅಷ್ಟು ದೂರ ಬೆನ್ನಟ್ಟಿದ ಸಾಧನೆಯನ್ನು ಅವರು ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸಿ ದೇಶದೇಶಗಳಿಗೆ ಕಳಿಸಿದರು. ಮುಖಪುಟದಲ್ಲಿ ಮೇಲಿಂದ ತೆಗೆದ ಚಿತ್ರ: ಶಾದಿಮಹಲಿನ ಬಣ್ಣದ ಶಾಮಿಯಾನ, ಟೆರೇಸಿನ ಮೇಲೆ ಕೈ ಎತ್ತಿದ ಒಬ್ಬ ಬಿಳಿ ಜುಬ್ಬಾದವ, ಪ್ರತಿ ಹದ್ದಿನ ಸುತ್ತಲೂ ಒಂದೊಂದು ಹಸಿರು ಚೌಕ. ಮುಂದಿನ ಪರೀಕ್ಷೆಗೆ ಈಗಲೇ ಒಪ್ಪಿಕೊಳ್ಳಿ ಎಂದು ವಿಜಯಕುಮಾರ ವಾರಕ್ಕೆ ಎರಡು ಸಲ ಬಾಷಾ ಸಾಹೇಬರಿಗೆ ಫೋನ್ ಮಾಡುತ್ತಾನೆ. "ಹೆಂಡ್ತೀನ ಕೇಳಿ ಹೇಳ್ತೀನಿ" ಎಂದು ಅವರು ಇಡುತ್ತಾರೆ.

ಆ ಮುಖಪುಟಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತಕ್ಕಡಿಯ ಮೇಲ್ಗಡೆಯೇ ನೇತುಹಾಕಿದ್ದಾರೆ. ಮೊನ್ನೆ ಅರ್ಧ ಕಿಲೋ ತೂಗಿಸಿಕೊಳ್ಳುತ್ತಾ, ಏನು ಸಾಹೇಬರೇ ಇದು ಎಂದು ಕೇಳಿದೆ.

"ರುಖ್ಸಾರ್ ಮದ್ವೆ ಗ್ರೂಪ್ ಫೋಟೋ ಸಾರ್," ಎಂದರು, ಮುಳ್ಳು ನಡುವಿಗೆ ಬರುವವರೆಗೆ ಕಾಯುತ್ತಾ. "ಮಟನ್ ತಿಂದೋರೆಲ್ಲಾ ಇದ್ರಲ್ಲಿದಾರೆ. ಒಬ್ರೂ ಬಿಟ್ಟೋಗಿಲ್ಲ."